ಲಿಂಗಕ್ಕೆ ತೋರಿಸಿದ ಅಣಬೆ

"ಮೊದಲ ನೀವು ಲಿಂಗಕ್ಕ ತೋರಿಸಿ ಉಣ್ರಿ, ಅಯ್ನಾರ," ಎಂದು ಶರಣವ್ವ ಅಣಬೆ ಪಲ್ಲೆಯ ತಾಟನ್ನು ಶಾಂತಯ್ಯನ ಕಡೆಗೇ ತಳ್ಳಿದಳು. ಜಂಗಮರ ಮನೆತನದ ಈ ಸಂಶೋಧಕ, ತಾನು ಹುಲ್ಲಿನಲ್ಲಿ ಬೆಳೆಸಿದ ಅಣಬೆ ಬಾಣಂತಿಯರಿಗೆ ಬಲ ಕೊಡುತ್ತದೆಯೇ ಎಂದು ಪರೀಕ್ಷಿಸಲು ಧಾರವಾಡದಿಂದ ಸುಳ್ಳ ಗ್ರಾಮಕ್ಕೆ ಬಂದಿದ್ದ. ಒಳಗೆ ಶರಣವ್ವನ ಸೊಸೆ ಕೂಸಿಗೆ ಹಾಲು ಸಾಲದಷ್ಟು ಸೊರಗಿದ್ದಳು.

ಶಾಂತಯ್ಯನ ಕೈ ತಾಟಿನ ಮೇಲೆ ತಡೆಯಿತು. "ಇಲಿಗೋಳಿಗೆ ಹಾಕಿ ನೋಡೇನ್ರಿ, ಯವ್ವಾ. ಏನೂ ಆಗಿಲ್ಲ."

"ಅಂದ್ರ ನೀವು ಉಂಡಿಲ್ಲ. ಇಲಿ ಲಿಂಗಾ ಕಟ್ಟತಾವೇನ್ರಿ?"

ಅವನು ಕೈ ತೊಳೆದು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ ತುತ್ತು ತೋರಿಸಿ ಬಾಯಿಗಿಟ್ಟ. ಅದು ಗಂಟಲಿಳಿಯುವವರೆಗೂ ಶರಣವ್ವ ರೆಪ್ಪೆ ಮಿಟುಕಿಸಲಿಲ್ಲ. ಆಮೇಲೆ ತಲೆಬಾಗಿಲಿಗೆ ಅಗಳಿ ಹಾಕಿ ಬಂದು ಅವನೆದುರು ಕುಳಿತಳು.

"ಸಂಜೀತನಕಾ ಇಲ್ಲೇ ಕೂಡ್ರಿ, ಅಯ್ನಾರ. ನಿಮಗೇನೂ ಆಗ್ಲಿಲ್ಲಂದ್ರ ಸೊಸೀಗೂ ಬಡಸ್ತೇನಿ."