ಅಕ್ಕನ ಹೊಸ ಪಿನಫೋರ್

ಸೂರತ್ತಿನಿಂದ ಬರುವ ಅಕ್ಕನ ಕರ್ಚೀಫಿನಲ್ಲಿ ಇವತ್ತಿಗೂ ನೀಲಗಿರಿ ಎಣ್ಣೆಯ ವಾಸನೆ. ಅದು ಮೂಗಿಗೆ ಬಡಿದರೆ ಸಾಕು, ಮಣಿನಗರದ ರೈಲ್ವೆ ಕ್ವಾರ್ಟರ್ಸಿನ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ನಾನಾಗ ಸೆಕೆಂಡ್ ಸ್ಟ್ಯಾಂಡರ್ಡು. ದೇಶಕ್ಕೆ ದೇಶವೇ ಫ್ಲೂ ಹಿಡಿದು ಮಲಗಿತ್ತು. ಜೂನ್ ಬಂದರೂ ಕಾನ್ವೆಂಟಿನ ಗೇಟು ತೆರೆಯಲಿಲ್ಲ. "ಸ್ಕೂಲು ಇನ್ನು ಇಲ್ಲೇ" ಎಂದು ಅಮ್ಮ ಅಡುಗೆಮನೆಯಲ್ಲಿ ಚಾಪೆ ಹಾಸಿದಳು. ಯೂನಿಫಾರ್ಮ್ ಮಾತ್ರ ಕಂಪಲ್ಸರಿ. ಅಕ್ಕನಿಗೆ ಗಂಜಿ ಹಾಕಿದ ಗರಿಗರಿ ಹೊಸ ಪಿನಫೋರ್. ನನಗೆ ಎಂದಿನಂತೆ ಅವಳ ಹಳೆಯದು, ಬಣ್ಣ ಹೋದದ್ದು, ಅಂಚು ಮಡಿಚಿ ಹೊಲಿದದ್ದು.

ಆ ವಾರವೇ ಅಕ್ಕ ಜ್ವರ ಬಂದು ಮಲಗಿದಳು. ಪಿನಫೋರ್ ಮೊಳೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅಮ್ಮ ಅವಳ ಎದೆಗೆ ನೀಲಗಿರಿ ಎಣ್ಣೆ ತಿಕ್ಕುತ್ತಿದ್ದಾಗ ನಾನು ಅದನ್ನು ತೊಟ್ಟು ಎದುರು ನಿಂತೆ. "ಪ್ರೆಸೆಂಟ್, ಮಿಸ್!"

ಅಮ್ಮನ ಕೈ ನಿಂತಿತು.

"ಅವಳೇ ಇಟ್ಕೊಳ್ಲಿ ಬಿಡಮ್ಮ," ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ನಂಗಿನ್ನು ಬೇಡ."

"ಬಾಯ್ಮುಚ್ಚು!" ಅಮ್ಮ ಚೀರಿದಳು. "ನೀನೇ ಹಾಕ್ಕೋಬೇಕು. ನೀನೇ ಹಾಕ್ಕೊಂಡು ಹರೀಬೇಕು ಅದನ್ನ!"

ಬೈಯುತ್ತಲೇ ಅವಳನ್ನು ಎದೆಗವಚಿಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಒಂದೊಂದೇ ಗುಂಡಿ ಬಿಚ್ಚುತ್ತಾ ನಿಂತೆ. ಆ ಬೈಗುಳವೂ ಅವಳಿಗೇ ಸಿಕ್ಕಿತಲ್ಲ ಎಂದು ನನ್ನ ಹೊಟ್ಟೆ ಉರಿಯುತ್ತಿತ್ತು.