ಮಗುಚದ ಪಾಠ

"ಮಗುಚಾಕವ್ವ, ಸೀದೋಗ್ತೈತೆ," ಎಂದುಬಿಟ್ಟು ಓಬಕ್ಕ ನಾಲಿಗೆ ಕಚ್ಚಿಕೊಂಡಳು.

ಸೊಸೆ ಪ್ರೀತಿಯ ಕೈಯಲ್ಲಿ ಸಟ್ಟುಗ ಹಾಗೇ ನಿಂತಿತು. ಹಿರಿಯೂರಿನ ರಸ್ತೆಯಲ್ಲಿ ಕಾರು ಮಗುಚಿ ಗಂಡ ಪರಮೇಶ ತೀರಿಕೊಂಡ ದಿನದಿಂದ ಆ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಉಳಿದಿದ್ದ ನೆಂಟರು ನಿನ್ನೆ ಸಂಜೆ ಮದಕರಿಪುರದ ಬಸ್ಸು ಹತ್ತಿದ್ದರು. ಇಂದು ಹಾಲಿನವನು ಬಂದ, ನಲ್ಲಿಯಲ್ಲಿ ನೀರು ಬಂತು, ಅತ್ತೆ ಹಂಚು ಒಲೆಗಿಟ್ಟಳು. ದೋಸೆಯ ಅಂಚು ಕಪ್ಪಾಯಿತು. ಪ್ರೀತಿ ಮಗುಚಲಿಲ್ಲ, ಹಾಗೇ ಎತ್ತಿ ತಟ್ಟೆಗೆ ಹಾಕಿದಳು.

"ಒಂದ್ ಕಡೆ ಸೀದೈತೆ, ಒಂದ್ ಕಡೆ ಹಸಿ. ನನಗೇ ಇರ್ಲಿ ಬಿಡು. ಹಲ್ಲಿಲ್ಲದೋಳಿಗೆ ಹಸೀದೇ ವಾಸಿ," ಎಂದಳು ಓಬಕ್ಕ.

ಫೋನು ಬಂತು. ಪರಮೇಶ ಚಿತ್ರದುರ್ಗದ ಒಂದು ಮೆಡಿಕಲ್ ಕಾಲೇಜಿನಲ್ಲಿ ಸರ್ಜರಿ ಕಲಿಸುತ್ತಿದ್ದ. ಕರೆ ಅವನ ವಿದ್ಯಾರ್ಥಿ ಫೈಜಾನನದು.

"ತಪ್ಪು ತಿಳ್ಕಬೇಡ್ರಿ ಮೇಡಂ. ಸರ್ ಗಂಟು ಹಾಕೋ ಪಾಠ ಇನ್ನೊಂದ್ಸಲ ರೆಕಾರ್ಡ್ ಮಾಡಿದ್ರು. ನಿಮ್ ಲ್ಯಾಪ್‌ಟಾಪಲ್ಲಿ ಐತಾ?"

"ಆ ಪಾಠ ಮೊದಲೇ ಆಗಿತ್ತಲ್ಲಪ್ಪ."

"ನಮಗೆಲ್ಲ ಆಗೈತೆ. ಮಹೇಕ್‌ಗೆ ಬರ್ತಿಲ್ಲ. ಹಳೇ ವಿಡಿಯೋ ನೋಡ್ಕಂಡು ನಮ್ಮಂಗೇ ಮಾಡ್ತಾಳೆ, ಆದ್ರೂ ಗಂಟು ಜಾರ್ತೈತೆ. ನಿನ್ ಕೈಗೆ ಸರ್ಜರಿ ಹತ್ತಲ್ಲ ಅಂತ ಯಾರೋ ಅಂದ್ಬಿಟ್ಟಿದಾರೆ. ನಾಳೆ ಪ್ರಾಕ್ಟಿಕಲ್. ಬರಾದೇ ಇಲ್ಲ ಅಂತ ಹಾಸ್ಟೆಲಲ್ಲಿ ಕುಂತವಳೆ."

ಪರಮೇಶ ಎಡಚ. ವಿಡಿಯೋ ಪಾಠಗಳಲ್ಲಿ ಮಾತ್ರ ಅವನು ಬಲಗೈಯವನು. ರೆಕಾರ್ಡ್ ಮಾಡಿ ತಂದದ್ದನ್ನು ಪ್ರೀತಿಯ ಮುಂದಿಟ್ಟು, "ಮಗುಚಿ ಹಾಕು," ಎನ್ನುತ್ತಿದ್ದ. ಅವಳು ಒಂದು ಗುಂಡಿ ಒತ್ತಿದರೆ, ಕನ್ನಡಿಯಲ್ಲಿ ಕಂಡಂತೆ, ಎಡಗೈ ಬಲಗೈಯಾಗುತ್ತಿತ್ತು. "ಹುಡುಗ್ರು ನೋಡ್ದಂಗೇ ಮಾಡ್ತವೆ. ನನ್ನ ಎಡಗೈ ಅವಕ್ಕೆ ಯಾಕೆ?" ಮಗುಚಿದರೆ ಅಕ್ಷರಗಳು ಉಲ್ಟಾ ಕಾಣುತ್ತವೆಂದು ಮೊದಲೇ ವಾಚು ಬಿಚ್ಚಿಡುತ್ತಿದ್ದ, ದಾರದ ಪೊಟ್ಟಣದ ಹೆಸರಿಗೆ ಬಿಳಿ ಪಟ್ಟಿ ಅಂಟಿಸುತ್ತಿದ್ದ.

ಪ್ರೀತಿ ಕೊನೆಯ ವಿಡಿಯೋ ತೆರೆದಳು. ಮುಖವಿಲ್ಲ. ಎರಡು ಕೈ, ಒಂದು ಸ್ಪಂಜು, ಕಪ್ಪು ದಾರ. "ಎಳೀಬೇಡ್ರಿ. ಗಂಟನ್ನ ಎಳೆಯೋದಲ್ಲ, ಕೂರ್ಸೋದು." ಅವಳು ದನಿ ಕಡಿಮೆ ಮಾಡಿದಳು. ಮತ್ತೆ ಜಾಸ್ತಿ ಮಾಡಿದಳು. ಗುಂಡಿಯ ಹತ್ತಿರ ಬೆರಳು ತಡೆಯಿತು. ಕಣ್ಣು ಮುಚ್ಚಿ ಒತ್ತಿದಳು. ಕೈಗಳು ಮಗುಚಿಕೊಂಡವು. ದಾರ ಕತ್ತರಿಸುವಾಗ, ಕತ್ತರಿಯ ಹಿಡಿಕೆಗೆ ಅಂಟಿಸಿದ್ದ ಪಟ್ಟಿಯ ಮೇಲೆ ಏನೋ ಬರೆದದ್ದು ಕಂಡಿತು. ಅಕ್ಷರ ಉಲ್ಟಾ. ಇಂಥದ್ದನ್ನು ಮರೆಯುವ ಮನುಷ್ಯನಲ್ಲ ಅವನು. ಮತ್ತೆ ಒತ್ತಿ ಮೊದಲಿದ್ದಂತೆ ಮಾಡಿದಳು. ಈಗ ಓದಲು ಬಂತು: ಮಹೇಕ್.

ಮಗುಚಬಾರದೆಂದೇ ಮಾಡಿದ ಪಾಠ ಅದು.

"ಅತ್ತೆ, ಅವರ ಬ್ಯಾಗಲ್ಲಿ ಒಂದು ಕತ್ತರಿ ಇತ್ತಾ?"

"ಆ ಮೊಂಡು ಕತ್ತರಿನಾ? ಡಾಕ್ಟ್ರ ಕತ್ತರಿಯಂತೆ. ಹಾಲಿನ ಪ್ಯಾಕೆಟ್ ಕತ್ರಿಸಾಕೂ ಲಾಯಕ್ಕಿಲ್ಲ. ಗುಜರಿಗೆ ಹಾಕಾಣ ಅಂತ ಇಟ್ಟಿದ್ದೆ."

ಪ್ರೀತಿ ಬಲಗೈಯಲ್ಲಿ ಹಿಡಿದು ಖಾಲಿ ಪ್ಯಾಕೆಟ್ಟಿನ ಮೇಲೆ ಆಡಿಸಿದಳು. ಪ್ಲಾಸ್ಟಿಕ್ ಮಡಚಿಕೊಂಡು ಅಲಗುಗಳ ನಡುವೆ ಸಿಕ್ಕಿಬಿತ್ತು. ಎಡಗೈಗೆ ಬದಲಿಸಿದಳು. ಸರ್ರನೆ ಕತ್ತರಿಸಿತು. "ಇದು ಅವರದಲ್ಲ ಅತ್ತೆ, ಅವರ ವಿದ್ಯಾರ್ಥಿನಿಯದು," ಎಂದಳು.

ಓಬಕ್ಕ ನೋಡುತ್ತ ನಿಂತಳು. "ಎಡಚರಿಗೇ ಬ್ಯಾರೆ ಕತ್ತರಿ ಬರ್ತೈತೇನವ್ವ? ಇವನು ಉಣ್ಣಾಕೆ ಕುಂತ್ರೆ, ಆ ಕೈಯಲ್ಲ ಕಣ್ಲಾ, ಅಂತ ಸೌಟಲ್ಲಿ ಬಡೀತಿದ್ದೆ. ಆ ಕೈನ ಬೆನ್ನಿಂದಕ್ಕೆ ಬಚ್ಚಿಟ್ಕಂತಿದ್ದ." ಕತ್ತರಿಯನ್ನು ಸೆರಗಿನಲ್ಲಿ ಒರೆಸಿ ಸೊಸೆಯ ಕೈಗೆ ಕೊಟ್ಟಳು. "ಎರವು ತಂದಿದ್ದು ಮನೇಲಿರಬಾರ್ದು. ಕೊಟ್ಟು ಬಾ."

ಕಾಲೇಜಿನ ಅಭ್ಯಾಸದ ಕೋಣೆಯಲ್ಲಿ, ಗೋಡೆಯ ಪರದೆಯ ಮೇಲೆ ಪರಮೇಶನ ಕೈಗಳು ಮೂಡಿದವು.

"ಮೇಡಂ, ಉಲ್ಟಾ ಐತೆ," ಎಂದ ಫೈಜಾನ್.

"ನಿನಗೆ ಉಲ್ಟಾ," ಎಂದಳು ಪ್ರೀತಿ.

ಫೈಜಾನ್ ಕಾಡಿಬೇಡಿ ಕರೆತಂದಿದ್ದ ಮಹೇಕ್ ಹಿಂದಿನ ಮೇಜಿನಲ್ಲಿದ್ದಳು. ದಾರ ಅವಳ ಬಲಗೈಯಲ್ಲಿತ್ತು. ಪರದೆ ನೋಡುತ್ತ ನೋಡುತ್ತ ಅದು ಎಡಗೈಗೆ ಬಂತು. ಒಂದು ಸುತ್ತು, ಇನ್ನೊಂದು ಸುತ್ತು. "ಕೂರ್ಸ್ರಿ," ಎಂದಿತು ದನಿ. ಅವಳು ಗಂಟನ್ನು ಜಗ್ಗಿ ನೋಡಿದಳು. ಜಾರಲಿಲ್ಲ. ನಂಬದೆ ಇನ್ನೊಂದು ಹಾಕಿದಳು.

"ಏನೇ, ಇಷ್ಟು ದಿನ ನಾಟಕ ಆಡ್ತಿದ್ದೇನೇ?" ಎಂದ ಫೈಜಾನ್. ಮಹೇಕ್ ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಪ್ರೀತಿ ಹತ್ತಿರ ಹೋಗಿ ಕತ್ತರಿ ತೆಗೆದಳು.

"ನಮ್ ಅಬ್ಬು ಹುಡುಕಿ ತರಿಸಿಕೊಟ್ಟಿದ್ರು ಮೇಡಂ. ಯಾರಾದ್ರೂ ನಗ್ತಾರೆ ಅಂತ ಬ್ಯಾಗಲ್ಲೇ ಇಟ್ಕಂಡಿದ್ದೆ. ಸರ್ ಕಣ್ಣಿಗೆ ಬಿತ್ತು. ಎರಡು ದಿನ ಇರ್ಲಿ, ಕೊಡ್ತೀನಿ ಅಂದ್ರು."

ಪ್ರೀತಿ ಕತ್ತರಿ ನೀಡಿದಳು. ದೊಡ್ಡವರು ಕೊಟ್ಟದ್ದನ್ನು ತೆಗೆದುಕೊಳ್ಳುವಾಗಿನ ಅಭ್ಯಾಸದಂತೆ ಮಹೇಕ್ ಎಡಗೈಯನ್ನು ಬೆನ್ನ ಹಿಂದೆ ಸರಿಸಿ ಬಲಗೈ ಚಾಚಿದಳು.

ಪ್ರೀತಿ ಕತ್ತರಿ ಬಿಡಲಿಲ್ಲ.

"ಆ ಕೈಯಲ್ಲ," ಎಂದಳು.