ಒಂದಕ್ಷರಕ್ಕೆ ಸಾವಿರ ಹೊನ್ನು

ಕರಡು ತಿದ್ದಲು ಕೂತಿದ್ದ ಮುದುಕರ ಕೈಯಿಂದ ಲೇಖಕ ಕೆಂಪು ಪೆನ್ನು ಕಿತ್ತುಕೊಂಡ.

"ಮೇಷ್ಟ್ರೇ, ಒಳ್ಳೇ ಬರಹಕ್ಕೆ ಚೀನಾದಲ್ಲಿ 'ಒಂದಕ್ಷರಕ್ಕೆ ಸಾವಿರ ಹೊನ್ನು' ಅಂತಾರೆ. ಅಲ್ಲೊಬ್ಬ ಮಂತ್ರಿ ತನ್ನ ಪುಸ್ತಕವನ್ನ ಊರಬಾಗಿಲಲ್ಲಿ ಇಡಿಸಿ, ಒಂದಕ್ಷರ ತಿದ್ದಿದವರಿಗೆ ಸಾವಿರ ಹೊನ್ನು ಕೊಡ್ತೀನಿ ಅಂದ. ಒಬ್ಬನೂ ತಿದ್ದಲಿಲ್ಲ."

"ತಪ್ಪೇ ಇರಲಿಲ್ಲವೋ, ಮಂತ್ರಿಗೆ ಹೆದರಿದರೋ?"

"ತಲೆಹರಟೆ ಬೇಡ. ನನ್ನ ಪುಸ್ತಕದಲ್ಲೂ ಒಂದಕ್ಷರ ಮುಟ್ಟಕೂಡದು. ನೀವು ನನಗೆ ಕಾಗುಣಿತ ಕಲಿಸೋ ಕಾಲ ಮುಗೀತು."

"ಮೊದಲನೇ ಪುಟವೊಂದನ್ನ ನೋಡಪ್ಪ..."

"ಮುಟ್ಟಬೇಡಿ ಅಂದೆನಲ್ಲ!"

ಮೇಷ್ಟ್ರು ಮುಟ್ಟಲಿಲ್ಲ.

ಬಿಡುಗಡೆಯ ದಿನ, ತುಂಬಿದ ಸಭೆಯಲ್ಲಿ, ನಿರೂಪಕಿ ಮೊದಲನೇ ಪುಟವನ್ನು ಮೈಕಿನಲ್ಲಿ ಓದಿದಳು: "ನನಗೆ ಕಾಗುಣಿತ ಕಲಿಸಿದ ಮೇಷ್ಟ್ರಿಗೆ ನಾನು ಎಂದೆಂದಿಗೂ ಕೃತಘ್ನ."